ಲೇಡಿ ಚ್ಯಾಟರ್ಲಿಯನ್ನು ತುಂಡು ಮಾಡಿ ನೋಡಿದರೆ ಏನು ಕಳೆದುಹೋಗುತ್ತದೆ?

ಮಳೆ ಜೋರಾಗಿ ಸುರಿಯುತ್ತಿದೆ. ಕಾಡಿನ ನಡುವೆ ಒಂದು ಗುಡಿಸಲು. ಒಳಗಿಂದ ಒಬ್ಬ ಹೆಂಗಸು ಮೈಮೇಲೆ ಬಟ್ಟೆಯಿಲ್ಲದೆ ಹೊರಗೆ ಓಡಿಬರುತ್ತಾಳೆ. ಅವಳ ಹಿಂದೆ ಒಬ್ಬ ಗಂಡಸು, ಅವನೂ ಹಾಗೆಯೇ. ಇಬ್ಬರೂ ಮರಗಳ ಸಂದಿಯಲ್ಲಿ ಓಡುತ್ತ, ನಗುತ್ತ ತೊಯ್ದು ತೊಪ್ಪೆಯಾಗುತ್ತಾರೆ.

ಇಷ್ಟನ್ನು ಮಾತ್ರ ಯಾರೋ ಕತ್ತರಿಸಿ ನಿಮ್ಮ ಫೋನಿಗೆ ಕಳಿಸಿದರೆ ಏನನ್ನಿಸುತ್ತದೆ? ‘ಆ ಥರದ’ ವಿಡಿಯೊ ಅನ್ನಿಸುತ್ತದೆ. ಪಕ್ಕದಲ್ಲಿ ಯಾರಾದರೂ ಇದ್ದರೆ ಫೋನ್ ಮಗುಚಿ ಇಡುತ್ತೀರಿ. ನಾನು ಮಾತ್ರ ಅದಕ್ಕೆ ಮೊದಲಿನದನ್ನೆಲ್ಲ ನೋಡಿಕೊಂಡು ಆ ದೃಶ್ಯಕ್ಕೆ ಬಂದೆ. ಕಣ್ಣು ತುಂಬಿ ಬಂತು. ದೃಶ್ಯ ಒಂದೇ, ಮೈಗಳೂ ಅವೇ. ಹಾಗಾದರೆ ಬದಲಾಗಿದ್ದು ಏನು?

ಈ ಪ್ರಶ್ನೆ ನನ್ನೊಬ್ಬನದಲ್ಲ. ನ್ಯೂಯಾರ್ಕ್, ಲಂಡನ್, ದೆಹಲಿಯ ಕೋರ್ಟುಗಳು ಇದೇ ಕತೆಯನ್ನು ಎದುರಿಗಿಟ್ಟುಕೊಂಡು ಇದೇ ಪ್ರಶ್ನೆ ಕೇಳಿವೆ. ಒಂದು ಕೃತಿಯನ್ನು ತುಂಡಾಗಿ ನೋಡಬೇಕೋ, ಇಡಿಯಾಗಿ ನೋಡಬೇಕೋ? ಕಾನೂನಿನಲ್ಲಿ ಇದಕ್ಕೆ ಉತ್ತರ ಸಿಗಲು ನೂರೈವತ್ತು ವರ್ಷ ಹಿಡಿಯಿತು. ಈ ಸಿನಿಮಾ ಅದೇ ಉತ್ತರವನ್ನು 168 ನಿಮಿಷದಲ್ಲಿ ತೋರಿಸುತ್ತದೆ.

ಸಿನಿಮಾದ ಹೆಸರು ‘ಲೇಡಿ ಚ್ಯಾಟರ್ಲಿ’. ಬಂದದ್ದು 2006ರಲ್ಲಿ. ನಿರ್ದೇಶಕಿ ಪಾಸ್ಕಾಲ್ ಫೆರಾನ್. ಮಾತು ಪೂರ್ತಿ ಫ್ರೆಂಚ್. ಕತೆ ನಡೆಯುವುದು ಮಾತ್ರ ಇಂಗ್ಲೆಂಡಿನಲ್ಲಿ, ಮೂಲ ಕಾದಂಬರಿ ಬರೆದವನು ಇಂಗ್ಲಿಷ್ ಲೇಖಕ ಡಿ.ಎಚ್. ಲಾರೆನ್ಸ್. ಇಂಗ್ಲಿಷ್ ಜಮೀನ್ದಾರರು ಫ್ರೆಂಚ್ ಮಾತಾಡುವುದು ಮೊದಮೊದಲು ವಿಚಿತ್ರ ಅನ್ನಿಸುತ್ತದೆ. ಆಮೇಲೆ ಮರೆತೇ ಹೋಗುತ್ತದೆ. ನಮ್ಮ ಪೌರಾಣಿಕ ಸಿನಿಮಾಗಳಲ್ಲಿ ಹಸ್ತಿನಾವತಿಯವರೆಲ್ಲ ಕನ್ನಡ ಮಾತಾಡುವುದನ್ನು ನಾವು ಒಪ್ಪಿಕೊಂಡಿಲ್ವಾ, ಹಾಗೆ.

ಕತೆ ಚಿಕ್ಕದು. ಮೊದಲ ಮಹಾಯುದ್ಧ ಮುಗಿದ ಮೇಲಿನ ವರ್ಷಗಳು. ಕಲ್ಲಿದ್ದಲ ಗಣಿಗಳ ಒಡೆಯ ಸರ್ ಕ್ಲಿಫರ್ಡ್ ಚ್ಯಾಟರ್ಲಿ ಯುದ್ಧದಲ್ಲಿ ಗಾಯಗೊಂಡು ಬಂದಿದ್ದಾನೆ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಗಾಲಿಕುರ್ಚಿಯೇ ಗತಿ. ಹೆಂಡತಿ ಕಾನ್‌ಸ್ಟನ್ಸ್‌ಗೆ ಇನ್ನೂ ಚಿಕ್ಕ ವಯಸ್ಸು. ರಾಗ್ಬಿ ಅನ್ನುವ ದೊಡ್ಡ ಬಂಗಲೆಯಲ್ಲಿ ಅವನ ಸೇವೆ ಮಾಡುತ್ತ ಅವಳು ಒಳಗೊಳಗೇ ಸೊರಗುತ್ತಾಳೆ. ಅವರ ಕಾಡನ್ನು ಕಾಯಲು ಒಬ್ಬ ಆಳಿದ್ದಾನೆ. ಜಮೀನ್ದಾರರ ಬೇಟೆಗೆ ಬೇಕಾದ ಹಕ್ಕಿಗಳನ್ನು ಸಾಕುವುದು, ಕದ್ದು ಬೇಟೆಯಾಡುವವರನ್ನು ಓಡಿಸುವುದು ಅವನ ಕೆಲಸ. ಇವಳಿಗೂ ಅವನಿಗೂ ಸಂಬಂಧ ಬೆಳೆಯುತ್ತದೆ. ಅಷ್ಟೇ.

ಆದರೆ ಈ ‘ಅಷ್ಟೇ’ಯನ್ನು ಲಾರೆನ್ಸ್ ಒಂದು ಸಲವಲ್ಲ, ಮೂರು ಸಲ ಬರೆದ. ಸಿನಿಮಾ ಅರ್ಥ ಆಗಬೇಕಾದರೆ ಇದನ್ನು ತಿಳಿಯಲೇಬೇಕು.

ಲಾರೆನ್ಸ್ ಹುಟ್ಟಿದ್ದು 1885ರಲ್ಲಿ, ನಾಟಿಂಗ್‌ಹ್ಯಾಮ್ ಜಿಲ್ಲೆಯ ಈಸ್ಟ್‌ವುಡ್ ಅನ್ನುವ ಗಣಿ ಊರಿನಲ್ಲಿ. ಅಪ್ಪ ಗಣಿ ಕಾರ್ಮಿಕ. 1926ರಲ್ಲಿ ಇಂಗ್ಲೆಂಡಿನ ಗಣಿ ಕಾರ್ಮಿಕರ ದೊಡ್ಡ ಹೋರಾಟ ನಡೆಯುತ್ತಿತ್ತು. ತಿಂಗಳುಗಟ್ಟಲೆ ಕೆಲಸವಿಲ್ಲ, ಮನೆಗಳಲ್ಲಿ ಹಸಿವು. ಆ ಹೊತ್ತಿನಲ್ಲಿ ಲಾರೆನ್ಸ್ ಒಂದು ಸಲ ಊರಿಗೆ ಹೋಗಿಬಂದ. ಹುಟ್ಟಿದೂರಿಗೆ ಅದೇ ಅವನ ಕೊನೆಯ ಭೇಟಿ. ಇಟಲಿಯ ಫ್ಲಾರೆನ್ಸ್ ಹತ್ತಿರದ ತನ್ನ ಬಾಡಿಗೆ ಮನೆಗೆ ವಾಪಸ್ ಬಂದು ಅಕ್ಟೋಬರ್‌ನಲ್ಲಿ ಈ ಕತೆ ಶುರು ಮಾಡಿದ. ಆಗಲೇ ಕ್ಷಯ ಅವನ ಶ್ವಾಸಕೋಶ ತಿನ್ನುತ್ತಿತ್ತು. 1930ರ ಮಾರ್ಚ್‌ನಲ್ಲಿ, 44ನೇ ವಯಸ್ಸಿಗೆ ಅವನು ತೀರಿಹೋದ. ಮೈಯ ಸುಖದ ಬಗ್ಗೆ ಇಷ್ಟು ಬರೆದ ಮನುಷ್ಯ ಆ ಪುಟಗಳನ್ನು ಕೆಮ್ಮುತ್ತ ಬರೆದಿದ್ದ. ಇದನ್ನು ನೆನೆಸಿಕೊಂಡಾಗಲೆಲ್ಲ ಆ ಪುಸ್ತಕ ನನಗೆ ಬೇರೆ ಥರ ಕಾಣುತ್ತದೆ.

ಮೊದಲ ಬರಹದಲ್ಲಿ ರಾಜಕೀಯ ಜಾಸ್ತಿ. ಕಾಡು ಕಾಯುವವನ ಹೆಸರು ಪಾರ್ಕಿನ್, ಕೊನೆಗೆ ಅವನು ಕಮ್ಯುನಿಸ್ಟ್ ಸಂಘಟನೆಗೆ ಸೇರುತ್ತಾನೆ. ಎರಡನೆಯದರಲ್ಲಿ ಹೆಸರು ಪಾರ್ಕಿನ್ ಅಂತಲೇ ಇದೆ, ಆದರೆ ರಾಜಕೀಯ ಹಿಂದೆ ಸರಿದು ಇಬ್ಬರ ನಡುವಿನ ನಂಟು ಮುಂದೆ ಬರುತ್ತದೆ. ಮೂರನೆಯದರಲ್ಲಿ ಹೆಸರೇ ಬದಲಾಗಿ ಮೆಲರ್ಸ್ ಆಗುತ್ತದೆ. ಈ ಮೆಲರ್ಸ್ ಸೈನ್ಯದಲ್ಲಿದ್ದವನು, ಭಾರತದಲ್ಲೂ ಕೆಲಸ ಮಾಡಿದವನು, ಆಫೀಸರ್ ದರ್ಜೆಗೆ ಏರಿದವನು. ಪುಸ್ತಕ ಓದುತ್ತಾನೆ. ಬೇಕೆಂದಾಗ ಸಾಹೇಬರ ಇಂಗ್ಲಿಷ್ ಆಡುತ್ತಾನೆ, ಬೇಕೆಂದಾಗ ಊರಿನ ಡಾರ್ಬಿಶೈರ್ ಮಾತಿಗೆ ಇಳಿಯುತ್ತಾನೆ. ಕಚೇರಿಯಲ್ಲಿ ಪುಸ್ತಕದ ಕನ್ನಡ ಆಡಿ, ಸಿಟ್ಟು ಬಂದಾಗ ಊರ ಕನ್ನಡಕ್ಕೆ ಇಳಿಯುವವರನ್ನು ನಾವು ನೋಡಿಲ್ವಾ, ಅದೇ ಥರ.

ಲೋಕಕ್ಕೆಲ್ಲ ಗೊತ್ತಿರುವುದು ಈ ಮೂರನೆಯದು, ‘ಲೇಡಿ ಚ್ಯಾಟರ್ಲೀಸ್ ಲವರ್’. ಇಂಗ್ಲೆಂಡಿನಲ್ಲಿ ಯಾರೂ ಅಚ್ಚು ಹಾಕುವುದಿಲ್ಲ ಅಂತ ಗೊತ್ತಿತ್ತು. ಹಾಗಾಗಿ 1928ರಲ್ಲಿ ಫ್ಲಾರೆನ್ಸಿನ ಪುಸ್ತಕ ವ್ಯಾಪಾರಿ ಪೀನೊ ಓರಿಯೋಲಿಯ ನೆರವಿನಿಂದ ಲಾರೆನ್ಸ್ ತಾನೇ ಹಾಕಿಸಿದ. ಸಹಿ ಹಾಕಿದ 1000 ಪ್ರತಿ, ಒಂದಕ್ಕೆ ಎರಡು ಪೌಂಡ್. ಅಚ್ಚಿನ ಮೊಳೆ ಜೋಡಿಸಿದ ಇಟಲಿಯ ಕೆಲಸಗಾರರಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಕೂಡಲೇ ಕಳ್ಳ ಮುದ್ರಣಗಳು ಹುಟ್ಟಿಕೊಂಡವು. 1932ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾನೂನುಬದ್ಧ ಆವೃತ್ತಿ ಬಂತು. ಆದರೆ ಅದು ಕತ್ತರಿ ಹಾಕಿದ ಆವೃತ್ತಿ. ಮುಂದಿನ 28 ವರ್ಷ ಅಲ್ಲಿನವರು ಅಂಗಡಿಯಲ್ಲಿ ರಾಜಾರೋಷವಾಗಿ ಕೊಳ್ಳಬಹುದಾಗಿದ್ದು ಇದನ್ನು ಮಾತ್ರ.

ಫೆರಾನ್ ಈ ಮೂರನೆಯದನ್ನು ಬಿಟ್ಟು ಎರಡನೆಯದನ್ನು ಆರಿಸಿಕೊಂಡರು. ಅದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದೇ 1972ರಲ್ಲಿ. 1977ರಲ್ಲಿ ಫ್ರೆಂಚ್ ಅನುವಾದ ಬಂತು, ಅದರ ಹೆಸರಿನ ಅರ್ಥ ‘ಲೇಡಿ ಚ್ಯಾಟರ್ಲಿ ಮತ್ತು ಕಾಡಿನ ಮನುಷ್ಯ’. ಸಿನಿಮಾಗೆ ಆಧಾರ ಇದೇ.

ಈ ಆಯ್ಕೆಯಲ್ಲೇ ಸಿನಿಮಾದ ಅರ್ಧ ಗೆಲುವಿದೆ ಅಂತ ನನ್ನ ನಂಬಿಕೆ. ಮೆಲರ್ಸ್ ಬಾಯಿಬಡುಕ. ಕೈಗಾರಿಕೆ, ಹಣ, ಹೆಂಗಸರು ಎಲ್ಲದರ ಬಗ್ಗೆ ಭಾಷಣ ಬಿಗಿಯುತ್ತಾನೆ. ಹೆಂಗಸರ ಬಗ್ಗೆ ಅವನು ಆಡುವ ಕೆಲವು ಮಾತುಗಳನ್ನು ಇವತ್ತು ಓದಿದರೆ ಕಿರಿಕಿರಿಯಾಗುತ್ತದೆ. ಪಾರ್ಕಿನ್ ಹಾಗಲ್ಲ, ಮಾತು ಕಡಿಮೆ. ಇನ್ನೂ ಒಂದು ಇದೆ. ಮೆಲರ್ಸ್ ಅರ್ಧ ಸಾಹೇಬ, ಲೇಡಿ ಚ್ಯಾಟರ್ಲಿ ಅವನ ಜೊತೆ ಹೋದರೆ ಅರ್ಧ ಮೆಟ್ಟಿಲು ಇಳಿದ ಹಾಗೆ. ಪಾರ್ಕಿನ್ ಬರೀ ಆಳು. ಅವರಿಬ್ಬರ ನಡುವಿನ ಗೋಡೆ ಪೂರ್ತಿ ಎತ್ತರದ್ದು. ಅದನ್ನು ದಾಟಲು ಮಾತು ಸಹಾಯಕ್ಕೆ ಬರುವುದಿಲ್ಲ, ಯಾಕೆಂದರೆ ಇಬ್ಬರ ಮಾತೂ ಬೇರೆ ಬೇರೆ. ಉಳಿಯುವುದು ಮೈ ಒಂದೇ. ಹಾಗಾಗಿ ಇಲ್ಲಿನ ಕಾಮದ ದೃಶ್ಯಗಳು ಕತೆಗೆ ಅಂಟಿಸಿದ ಅಲಂಕಾರವಲ್ಲ. ಕತೆ ಮುಂದೆ ಹೋಗುವುದೇ ಅವುಗಳಿಂದ.

ಈಗ ಕೋರ್ಟಿನ ಕಡೆ ಬರೋಣ. ‘ಅಶ್ಲೀಲ’ ಅನ್ನುವ ಪದಕ್ಕೆ ಕಾನೂನು ಕೊಟ್ಟ ಅರ್ಥ ಎಲ್ಲಿಂದ ಬಂತು ಗೊತ್ತಾ? 1868ರ ಇಂಗ್ಲೆಂಡಿನ ಒಂದು ಕೇಸಿನಿಂದ, ಅದಕ್ಕೆ ಹಿಕ್ಲಿನ್ ಪ್ರಕರಣ ಅನ್ನುತ್ತಾರೆ. ಆ ಕೇಸಿನಲ್ಲಿ ಸಿಕ್ಕಿಬಿದ್ದದ್ದು ಕಾಮದ ಕತೆಯೇ ಅಲ್ಲ, ಕ್ಯಾಥಲಿಕ್ ಪಾದ್ರಿಗಳ ವಿರುದ್ಧ ಬರೆದ ಒಂದು ಕಿರುಹೊತ್ತಗೆ. ಮುಖ್ಯ ನ್ಯಾಯಮೂರ್ತಿ ಕಾಕ್‌ಬರ್ನ್ ಅಲ್ಲಿ ಒಂದು ಅಳತೆಗೋಲು ಕೊಟ್ಟರು. ಇಂಥ ಬರಹ ಯಾರ ಕೈಗೆ ಸಿಗಬಹುದೋ, ಅವರಲ್ಲಿ ಕೆಟ್ಟ ಪ್ರಭಾವಕ್ಕೆ ಸುಲಭವಾಗಿ ಒಳಗಾಗುವವರ ಮನಸ್ಸನ್ನು ಅದು ಕೆಡಿಸುತ್ತದೆಯೇ? ಕೆಡಿಸುವಂತಿದ್ದರೆ ಅದು ಅಶ್ಲೀಲ.

ಈ ಅಳತೆಗೋಲಿನಿಂದ ಎರಡು ತೊಂದರೆ ಹುಟ್ಟಿದವು. ಓದುಗರಲ್ಲಿ ಅತ್ಯಂತ ಎಳೆಯ, ದುರ್ಬಲ ಮನಸ್ಸೇ ಎಲ್ಲರಿಗೂ ಅಳತೆಯಾಯಿತು. ಜೊತೆಗೆ, ಇಡೀ ಪುಸ್ತಕ ಓದುವ ಗೋಜಿಲ್ಲದೆ ಒಂದೆರಡು ಪುಟ ಎತ್ತಿ ತೋರಿಸಿದರೂ ಸಾಕು ಅನ್ನುವ ರೂಢಿ ಬಂತು. ನಮ್ಮ ಫೋನಿಗೆ ಬಂದ ಆ ಮಳೆ ದೃಶ್ಯದ ಹಾಗೆ.

ಇದೇ ಕತೆಯ ಮೊದಲ ಸಿನಿಮಾ ಕೂಡ ಫ್ರೆಂಚ್ ಭಾಷೆಯದೇ. 1955ರಲ್ಲಿ ಮಾರ್ಕ್ ಅಲೆಗ್ರೆ ನಿರ್ದೇಶಿಸಿದ್ದು, ನಾಯಕಿ ಡ್ಯಾನಿಯೆಲ್ ಡಾರ್ಯೂ. ಇವತ್ತು ನೋಡಿದರೆ ತುಂಬ ಸಂಕೋಚದ ಸಿನಿಮಾ. ನ್ಯೂಯಾರ್ಕ್ ರಾಜ್ಯದಲ್ಲಿ ಆಗ ಸಿನಿಮಾಗೆ ಲೈಸೆನ್ಸ್ ಕೊಡುತ್ತಿದ್ದದ್ದು ಶಿಕ್ಷಣ ಇಲಾಖೆ. ಅವರು ಮೊದಲು ಮೂರು ದೃಶ್ಯ ತೆಗೆಯಲು ಹೇಳಿದರು. ವಿತರಕರು ಮೇಲ್ಮನವಿ ಹಾಕಿದರು. ಆಗ ಮೇಲಿನ ಮಂಡಳಿ ಇನ್ನೂ ದೊಡ್ಡ ಕಾರಣ ಕೊಟ್ಟಿತು. ತಪ್ಪು ಯಾವುದೋ ದೃಶ್ಯದಲ್ಲಿಲ್ಲ, ಪರಪುರುಷನ ಸಂಬಂಧವನ್ನು ಸರಿ ಅಂತ ತೋರಿಸುವ ಇಡೀ ಕತೆಯೇ ಅನೈತಿಕ ಅಂತ. ಇಲ್ಲಿ ‘ಇಡಿಯಾಗಿ ನೋಡುವುದು’ ಸಿನಿಮಾದ ವಿರುದ್ಧವೇ ತಿರುಗಿತು ನೋಡಿ.

ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1959ರ ಜೂನ್ 29ರಂದು ತೀರ್ಪು ಬಂತು, ಬರೆದವರು ನ್ಯಾಯಮೂರ್ತಿ ಪಾಟರ್ ಸ್ಟೀವರ್ಟ್. ಅವರ ವಾದ ಸರಳ. ಮಂಡಳಿ ತಡೆದದ್ದು ಒಂದು ಚಿತ್ರವನ್ನಲ್ಲ, ಒಂದು ವಿಚಾರವನ್ನು. ಕೆಲವು ಸಂದರ್ಭಗಳಲ್ಲಿ ಇಂಥ ಸಂಬಂಧ ಸರಿಯಿರಬಹುದು ಅನ್ನುವ ವಿಚಾರ ಅದು. ಜಾಸ್ತಿ ಜನರಿಗೆ ಒಪ್ಪಿಗೆಯಾಗದ ವಿಚಾರವನ್ನೂ ಹೇಳುವ ಹಕ್ಕು ಇದ್ದೇ ಇದೆ. ಹಾಗಾಗಿ ಈ ತಡೆ ನಿಲ್ಲುವುದಿಲ್ಲ. ಅಷ್ಟೊಂದು ಸಂಕೋಚದ ಒಂದು ಫ್ರೆಂಚ್ ಸಿನಿಮಾದಿಂದ ಇಂಥ ತೀರ್ಪು ಹುಟ್ಟಿತು.

ಲಂಡನ್ನಿನ ಕೇಸು ಹೆಚ್ಚು ಜನಕ್ಕೆ ಗೊತ್ತು. ಇಂಗ್ಲೆಂಡ್ 1959ರಲ್ಲಿ ಹೊಸ ಕಾನೂನು ಮಾಡಿತು. ಕೃತಿಯನ್ನು ಇಡಿಯಾಗಿ ನೋಡಬೇಕು, ಸಾಹಿತ್ಯದ ಬೆಲೆ ಇದೆಯೇ ಅಂತ ತಿಳಿದವರನ್ನು ಕೇಳಬಹುದು ಅಂತ ಅದರಲ್ಲಿತ್ತು. ಮರುವರ್ಷವೇ ಪೆಂಗ್ವಿನ್ ಪ್ರಕಾಶನ ಕತ್ತರಿಯಿಲ್ಲದ ಪುಸ್ತಕವನ್ನು ಹೊರತರಲು ಹೊರಟಿತು. ಬೆಲೆ ಮೂರೂವರೆ ಶಿಲ್ಲಿಂಗ್. ಈ ಬೆಲೆಯೇ ದೊಡ್ಡ ವಿಷಯ. ಎರಡು ಪೌಂಡ್ ಕೊಟ್ಟು ಶ್ರೀಮಂತರು ಗುಟ್ಟಾಗಿ ಓದಿದರೆ ಯಾರಿಗೂ ಅಷ್ಟು ಚಿಂತೆಯಿರಲಿಲ್ಲ. ಕೂಲಿಯವರ, ಕೆಲಸದವರ ಕೈಗೂ ಎಟುಕುವ ಹಾಗಾದಾಗ ಸರ್ಕಾರ ಕೋರ್ಟಿಗೆ ಹೋಯಿತು. ಸರ್ಕಾರಿ ವಕೀಲರು ಜ್ಯೂರಿಯವರನ್ನು, ಅಂದರೆ ತೀರ್ಮಾನ ಹೇಳಲು ಕೂರಿಸಿದ ಸಾಮಾನ್ಯ ಜನರನ್ನು, ನಿಮ್ಮ ಹೆಂಡತಿ ಅಥವಾ ಮನೆಯ ಆಳುಗಳು ಈ ಪುಸ್ತಕ ಓದುವುದು ನಿಮಗೆ ಇಷ್ಟವೇ ಅಂತ ಕೇಳಿದರು. ಜ್ಯೂರಿಯ 12 ಜನರಲ್ಲಿ ಮೂವರು ಹೆಂಗಸರೇ ಇದ್ದರು. ಒಡತಿಯೊಬ್ಬಳು ಆಳನ್ನು ಪ್ರೀತಿಸಿದ ಕತೆಯ ಬಗ್ಗೆ ಬಂದ ಪ್ರಶ್ನೆ ಅದು. ಹೆದರಿಕೆ ಬರೀ ಕಾಮದ್ದಲ್ಲ, ಮೇಲು ಕೀಳು ಕಲಸಿಹೋಗುವುದರದ್ದು ಅಂತ ಆ ಒಂದು ಪ್ರಶ್ನೆಯೇ ಹೇಳಿಬಿಟ್ಟಿತು. 1960ರ ನವೆಂಬರ್ 2ರಂದು ಪೆಂಗ್ವಿನ್ ಗೆದ್ದಿತು. ಎಂಟು ದಿನದ ಮೇಲೆ ಪುಸ್ತಕ ಅಂಗಡಿಗೆ ಬಂದಾಗ ಮೊದಲ ದಿನವೇ ಎರಡು ಲಕ್ಷ ಪ್ರತಿ ಖಾಲಿಯಾದವು.

ನಮ್ಮಲ್ಲಿ ಏನಾಯಿತು? 1959ರ ಡಿಸೆಂಬರ್‌ನಲ್ಲಿ ಬಾಂಬೆಯ ಒಂದು ಪುಸ್ತಕದ ಅಂಗಡಿಗೆ ಪೊಲೀಸರು ಗಿರಾಕಿಯ ವೇಷದಲ್ಲಿ ಒಬ್ಬರನ್ನು ಕಳಿಸಿ ಇದೇ ಕಾದಂಬರಿ ಕೊಂಡರು. ಅಂಗಡಿಯ ಪಾಲುದಾರರ ಮೇಲೆ ಭಾರತೀಯ ದಂಡ ಸಂಹಿತೆಯ 292ನೇ ಕಲಮಿನಡಿ ಕೇಸು. ತಲಾ ಇಪ್ಪತ್ತು ರೂಪಾಯಿ ದಂಡ. ಅವರಲ್ಲಿ ಒಬ್ಬರು ಸುಮ್ನೆ ಇಪ್ಪತ್ತು ರೂಪಾಯಿ ಕಟ್ಟಿ ಮನೆಗೆ ಹೋಗಲಿಲ್ಲ, ಸುಪ್ರೀಂ ಕೋರ್ಟ್‌ವರೆಗೂ ಹೋದರು. ಅವರ ಹೆಸರಿನಲ್ಲೇ ಇದು ಉದೇಶಿ ಪ್ರಕರಣ ಅಂತ ಕಾನೂನು ಓದುವವರಿಗೆಲ್ಲ ಗೊತ್ತು. ಪುಸ್ತಕದ ಪರವಾಗಿ ಸಾಕ್ಷಿ ಹೇಳಿದವರು ಲೇಖಕ ಮುಲ್ಕ್ ರಾಜ್ ಆನಂದ್. ಅಂಗಡಿಯವರಿಗೆ ಪುಸ್ತಕದೊಳಗೆ ಏನಿದೆ ಅಂತ ಗೊತ್ತಿರಲಿಲ್ಲ ಅನ್ನುವ ವಾದವೂ ಬಂತು. ಕೋರ್ಟ್ ಒಪ್ಪಲಿಲ್ಲ. 1964ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಬರೆದ ತೀರ್ಪು ಶಿಕ್ಷೆಯನ್ನು ಎತ್ತಿಹಿಡಿಯಿತು.

ಆ ತೀರ್ಪು ಹಿಕ್ಲಿನ್ ಅಳತೆಯನ್ನು ಉಳಿಸಿಕೊಂಡಿತು, ಆದರೆ ಸ್ವಲ್ಪ ತಿದ್ದಿತು. ಇಡೀ ಪುಸ್ತಕವನ್ನೂ ನೋಡಬೇಕು, ಆಕ್ಷೇಪದ ಭಾಗಗಳನ್ನು ಬೇರೆಯಾಗಿಯೂ ನೋಡಬೇಕು. ಕಲೆ ಮತ್ತು ಅಶ್ಲೀಲ ಬೆರೆತಿದ್ದರೆ, ಅಶ್ಲೀಲ ನೆರಳಿಗೆ ಸರಿಯುವಷ್ಟು ಕಲೆ ಮುಂದಿರಬೇಕು. ಓದಲು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಇದರೊಳಗೆ ಒಂದು ಎಡವಟ್ಟಿದೆ. ಕಲೆ ಒಂದು ಕಡೆ, ಕಾಮ ಇನ್ನೊಂದು ಕಡೆ, ಎರಡನ್ನೂ ತಕ್ಕಡಿಯಲ್ಲಿ ಇಡಬಹುದು ಅಂತ ಇದು ಅಂದುಕೊಳ್ಳುತ್ತದೆ. ಹಾಲಿಗೆ ನೀರು ಬೆರೆಸಿದ ಹಾಗೆ ಇದ್ದರೆ ಅಳೆಯಬಹುದು. ಕಾಮದ ಬರವಣಿಗೆಯೇ ಕಲೆಯಾಗಿದ್ದರೆ ಏನನ್ನು ಯಾವ ತಟ್ಟೆಗೆ ಹಾಕುವುದು?

ಆಮೇಲೆ ನಿಧಾನವಾಗಿ ಬದಲಾವಣೆ ಬಂತು. 1969ರಲ್ಲಿ 292ನೇ ಕಲಮಿಗೆ ತಿದ್ದುಪಡಿಯಾಗಿ ಸಾಹಿತ್ಯ, ಕಲೆ, ವಿಜ್ಞಾನದ ಹಿತಕ್ಕಾಗಿ ಇರುವ ಕೃತಿಗಳಿಗೆ ರಿಯಾಯಿತಿ ಸಿಕ್ಕಿತು. 1970ರಲ್ಲಿ ಸಿನಿಮಾ ನಿರ್ದೇಶಕ ಕೆ.ಎ. ಅಬ್ಬಾಸ್ ಅವರ ಸಾಕ್ಷ್ಯಚಿತ್ರದ ಕೇಸು ಬಂತು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಅದೇ ಹಿದಾಯತುಲ್ಲಾ. ಸಿನಿಮಾಗೆ ಸೆನ್ಸಾರ್ ಇರುವುದು ಸರಿಯೇ ಅಂದರು. ಜೊತೆಗೆ ಕಾಮ ಮತ್ತು ಅಶ್ಲೀಲ ಯಾವಾಗಲೂ ಒಂದೇ ಅಲ್ಲ, ಕಾಮವನ್ನು ಅದರ ಸ್ವಭಾವದಿಂದಲೇ ಅಶ್ಲೀಲ ಅನ್ನುವುದು ತಪ್ಪು ಅಂತಲೂ ಬರೆದರು. ಆರು ವರ್ಷದ ಹಿಂದೆ ಇದೇ ಕಾದಂಬರಿ ಮಾರಿದವರ ಶಿಕ್ಷೆಯನ್ನು ಎತ್ತಿಹಿಡಿದ ಕೈ ಈ ಮಾತನ್ನೂ ಬರೆಯಿತು. ನನಗೆ ಇದು ತುಂಬ ಗೌರವದ ಸಂಗತಿ ಅನ್ನಿಸುತ್ತದೆ.

ಕೊನೆಗೆ 2014ರ ಫೆಬ್ರವರಿಯಲ್ಲಿ ಪತ್ರಿಕಾ ಸಂಪಾದಕ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಿಕ್ಲಿನ್ ಅಳತೆಯನ್ನು ಪೂರ್ತಿ ಕೈಬಿಟ್ಟಿತು. ಟೆನಿಸ್ ಆಟಗಾರ ಬೋರಿಸ್ ಬೆಕರ್ ತನ್ನನ್ನು ಮದುವೆಯಾಗಲಿದ್ದ ಕಪ್ಪು ವರ್ಣದ ಹುಡುಗಿಯ ಜೊತೆ ಬಟ್ಟೆಯಿಲ್ಲದೆ ತೆಗೆಸಿಕೊಂಡ ಫೋಟೊ ಅಲ್ಲಿನ ವಿಷಯ. ಫೋಟೊ ಏನು ಹೇಳಲು ಹೊರಟಿದೆ ಅಂತ ನೋಡಿ, ಇವತ್ತಿನ ಸಮಾಜದ ಸಾಮಾನ್ಯ ಮನುಷ್ಯನ ಕಣ್ಣಿನಿಂದ ನೋಡಿ ಅಂದಿತು ಕೋರ್ಟ್. ವರ್ಣಭೇದದ ವಿರುದ್ಧ ಆ ಜೋಡಿ ಹೇಳಿದ್ದನ್ನು ಬಿಟ್ಟು ಬರೀ ಮೈ ನೋಡಿದರೆ ಫೋಟೊ ಅರ್ಥವಾಗುವುದಿಲ್ಲ ಅಂತ. 2024ರ ಜುಲೈನಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 292 ಈಗ ಅಲ್ಲಿ 294.

ಹೀಗೆ ಕಾನೂನು ‘ಇಡಿಯಾಗಿ ನೋಡಿ’ ಅನ್ನುವಲ್ಲಿಗೆ ಬಂದು ನಿಂತಿದೆ. ಆದರೆ ಹಾಗೆ ನೋಡುವುದು ಹೇಗೆ ಅಂತ ಕಾನೂನು ಕಲಿಸುವುದಿಲ್ಲ. ಅದಕ್ಕೆ ಫೆರಾನ್ ಅವರ ಸಿನಿಮಾಗೆ ವಾಪಸ್ ಹೋಗಬೇಕು.

ಕಾನ್‌ಸ್ಟನ್ಸ್ ಪಾತ್ರ ಮಾಡಿದವರು ಮಾರೀನಾ ಹ್ಯಾಂಡ್ಸ್. ಅಪ್ಪ ಇಂಗ್ಲಿಷ್ ರಂಗ ನಿರ್ದೇಶಕ, ಅಮ್ಮ ಫ್ರೆಂಚ್ ನಟಿ. ಪಾರ್ಕಿನ್ ಆಗಿ ಜಾನ್ ಲೂಯಿ ಕುಲೊಕ್. ರಂಗಭೂಮಿಯಿಂದ ಬಂದವರು, ದಪ್ಪ ಮೈಕಟ್ಟು, ತಲೆಯಲ್ಲಿ ಕೂದಲು ಕಡಿಮೆ, ಹೀರೊ ಥರ ಕಾಣುವುದೇ ಇಲ್ಲ. ಇದು ಬೇಕೆಂದೇ ಮಾಡಿದ ಆಯ್ಕೆ ಅನ್ನುವುದು ನೋಡುತ್ತ ನೋಡುತ್ತ ಗೊತ್ತಾಗುತ್ತದೆ. ಅವನು ಚೆಂದ ಕಾಣುವುದು ನಮಗೂ ಮೆಲ್ಲಗೆ, ಅವಳಿಗೆ ಕಾಣುವ ಹೊತ್ತಿಗೇ.

ಅವಳು ಮೊದಲ ಸಲ ಅವನನ್ನು ಸರಿಯಾಗಿ ನೋಡುವುದು ಒಂದು ಸಂದೇಶ ತಲುಪಿಸಲು ಹೋದಾಗ. ಅವನು ಮನೆಯ ಹೊರಗೆ ಅಂಗಿ ಬಿಚ್ಚಿ ಮೈ ತೊಳೆಯುತ್ತಿದ್ದಾನೆ. ಬೆನ್ನು ಮಾತ್ರ ಕಾಣುತ್ತದೆ. ಅವಳು ಬೆಚ್ಚಿ ಹಿಂದೆ ಸರಿಯುತ್ತಾಳೆ. ಏನೂ ನಡೆದಿಲ್ಲ. ಒಬ್ಬ ಕೆಲಸದವನು ಸ್ನಾನ ಮಾಡಿದ, ಅಷ್ಟೇ. ಆದರೆ ವರ್ಷಗಳಿಂದ ಅವಳು ಮುಟ್ಟಿದ ಮೈ ಕಾಯಿಲೆಯ ಮೈ ಒಂದೇ. ಆರೋಗ್ಯವಾದ ಮೈ ಹೀಗಿರುತ್ತದೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ತನ್ನ ಮೈಯನ್ನು ನೋಡಿಕೊಳ್ಳುತ್ತಾಳೆ. ಅಲ್ಲಿ ಬೆತ್ತಲೆಯಿದೆ, ಕಾಮವಿಲ್ಲ. ನಾನು ಹೀಗೇ ಬತ್ತಿಹೋಗುತ್ತೇನಾ ಅನ್ನುವ ದಿಗಿಲಿದೆ.

ಆಮೇಲೆ ಅವಳು ಕಾಯಿಲೆ ಬೀಳುತ್ತಾಳೆ. ಗಂಡನ ಆರೈಕೆಗೆ ಮಿಸೆಸ್ ಬೋಲ್ಟನ್ ಅನ್ನುವ ನರ್ಸ್ ಬರುತ್ತಾಳೆ. ಕಾನ್‌ಸ್ಟನ್ಸ್‌ಗೆ ಹಗಲು ಹೊತ್ತು ಬಿಡುವು ಸಿಗುತ್ತದೆ. ಕಾಡಿನಲ್ಲಿ ನಡೆಯಲು ಶುರು ಮಾಡುತ್ತಾಳೆ. ಗಾಳಿ, ಎಲೆ, ಹಕ್ಕಿಗಳ ಸದ್ದು. ಫೆರಾನ್ ಇಲ್ಲಿ ಅವಸರವನ್ನೇ ಮಾಡುವುದಿಲ್ಲ. ಕೆಲವರಿಗೆ ಇದು ಬೇಜಾರು ಅನ್ನಿಸಬಹುದು. ಆದರೆ ಚಳಿಗಾಲ ಕಳೆದು ಹಳದಿ ಹೂ ಬಿಡುವಷ್ಟರಲ್ಲಿ ನಮ್ಮ ಕಣ್ಣೂ ಅವಳ ಕಣ್ಣಿನ ವೇಗಕ್ಕೆ ಇಳಿದಿರುತ್ತದೆ.

ಪಾರ್ಕಿನ್ ಫೆಸೆಂಟ್ ಹಕ್ಕಿಗಳನ್ನು ಸಾಕುತ್ತಾನೆ. ಫೆಸೆಂಟ್ ಅಂದರೆ ನಮ್ಮ ಕಾಡುಕೋಳಿಯ ಬಳಗದ್ದು. ಹೇಂಟೆಗಳನ್ನು ಕಾವಿಗೆ ಕೂರಿಸಿ ಮರಿ ಮಾಡಿಸುತ್ತಾನೆ. ಒಂದು ದಿನ ಅವನು ಒಂದು ಮರಿಯನ್ನು ಅವಳ ಅಂಗೈಗೆ ಕೊಡುತ್ತಾನೆ. ಹುಟ್ಟಿ ಕೆಲವೇ ಗಂಟೆಯಾಗಿರುವ ಜೀವ. ಅವಳಿಗೆ ಅಳು ಉಕ್ಕಿಬರುತ್ತದೆ. ಅವನು ಸಮಾಧಾನ ಮಾಡಲು ಮುಟ್ಟುತ್ತಾನೆ. ಅಲ್ಲಿಂದ ಅವರ ಸಂಬಂಧ ಶುರು.

ಆ ಮೊದಲ ಸಲ ಇಬ್ಬರೂ ಬಟ್ಟೆ ಕೂಡ ಪೂರ್ತಿ ಬಿಚ್ಚುವುದಿಲ್ಲ. ಬೇಗ ಮುಗಿದುಹೋಗುತ್ತದೆ. ಕ್ಯಾಮೆರಾ ಅವಳ ಮುಖದ ಹತ್ತಿರ ಇರುತ್ತದೆ. ಅಲ್ಲಿ ಸುಖಕ್ಕಿಂತ ಗಲಿಬಿಲಿ ಹೆಚ್ಚು. ಎದ್ದು ಹೊರಡುವಾಗ ಇಬ್ಬರಿಗೂ ಏನು ಮಾತಾಡಬೇಕು ಗೊತ್ತಾಗುವುದಿಲ್ಲ. ಅವಳು ಅವನಿಗೆ ಇನ್ನೂ ‘ಮೇಡಂ’. ಮುಂದಿನ ಸಲ ಇನ್ನೊಂದು ಚೂರು ಬದಲಾವಣೆ. ಅದರ ಮುಂದಿನ ಸಲ ಅವಳಿಗೂ ಸುಖ ಗೊತ್ತಾಗುತ್ತದೆ. ಅವಳು ಅವನನ್ನು ನೋಡುವ ಧೈರ್ಯ ಮಾಡುವುದು ಇನ್ನೂ ಆಮೇಲೆ. ಸಿನಿಮಾದಲ್ಲಿ ಸಾಮಾನ್ಯವಾಗಿ ಒಂದು ಪ್ರೇಮದ ದೃಶ್ಯ ಬಂತು ಅಂದರೆ ‘ಇವರಿಬ್ಬರೂ ಕೂಡಿದರು’ ಅಂತ ಅರ್ಥ, ಮುಂದಿನದು ಬರೀ ಪುನರಾವರ್ತನೆ. ಇಲ್ಲಿ ಹಾಗಲ್ಲ. ಪ್ರತಿ ಸಲವೂ ಹಿಂದಿನ ಸಲಕ್ಕೆ ಗೊತ್ತಿರದ ಏನೋ ಒಂದು ಗೊತ್ತಾಗುತ್ತದೆ. ಅಕ್ಷರ ಕಲಿತ ಹಾಗೆ. ಮಧ್ಯದ ಒಂದನ್ನು ತೆಗೆದುಬಿಟ್ಟರೆ ಮುಂದಿನದು ಓದಲು ಬರುವುದಿಲ್ಲ.

ಇದೇ ಕಾದಂಬರಿಯನ್ನು 1981ರಲ್ಲಿ ‘ಎಮಾನುಯೆಲ್’ ಅನ್ನುವ ಕಾಮದ ಸಿನಿಮಾದಿಂದ ಹೆಸರಾದ ಫ್ರೆಂಚ್ ನಿರ್ದೇಶಕ ಜುಸ್ಟ್ ಜಾಕೆನ್ ಇಂಗ್ಲಿಷಿನಲ್ಲಿ ತೆಗೆದಿದ್ದರು. ಅಲ್ಲಿ ಮೈಗಳು ಮೊದಲಿನಿಂದಲೂ ಚೆಂದ, ಬೆಳಕು ಚೆಂದ. ಆದರೆ ಯಾರೂ ಏನನ್ನೂ ಕಲಿಯುವುದಿಲ್ಲ.

ಫೆರಾನ್ ಸಿನಿಮಾದಲ್ಲಿ ಕಾಮದ ದೃಶ್ಯಗಳಷ್ಟೇ ಮುಖ್ಯವಾದ ಇನ್ನೊಂದು ದೃಶ್ಯವಿದೆ. ಕ್ಲಿಫರ್ಡ್‌ಗೆ ಮೋಟಾರಿನ ಗಾಲಿಕುರ್ಚಿ ಬಂದಿದೆ. ಅದರಲ್ಲಿ ಹೆಂಡತಿಯ ಜೊತೆ ಕಾಡು ಸುತ್ತಲು ಹೊರಡುತ್ತಾನೆ. ಏರಿನಲ್ಲಿ ಮೋಟಾರು ಕೈಕೊಡುತ್ತದೆ. ಪಾರ್ಕಿನ್‌ನನ್ನು ಕರೆಸುತ್ತಾರೆ. ಆದರೂ ತಳ್ಳಿಸಿಕೊಳ್ಳಲು ಒಡೆಯನ ಹಮ್ಮು ಬಿಡುವುದಿಲ್ಲ. ಮೋಟಾರನ್ನು ಗುರ್ರೆನಿಸುತ್ತಲೇ ಇರುತ್ತಾನೆ. ಕೊನೆಗೆ ಪಾರ್ಕಿನ್ ಏದುಸಿರು ಬಿಡುತ್ತ ತಳ್ಳಬೇಕಾಗುತ್ತದೆ, ಕಾನ್‌ಸ್ಟನ್ಸ್ ಕೂಡ ಕೈ ಹಾಕುತ್ತಾಳೆ. ಮೂರು ಜನ, ಒಂದು ಕುರ್ಚಿ. ಯಾರ ಮೈ ಯಾರ ಭಾರ ಹೊರುತ್ತಿದೆ ಅಂತ ಒಂದೇ ನೋಟಕ್ಕೆ ಕಾಣುತ್ತದೆ. ಗಣಿಯೊಡೆಯ, ಆಳು, ಇಬ್ಬರ ನಡುವೆ ಹೆಂಗಸು. ಲಾರೆನ್ಸ್ 1926ರಲ್ಲಿ ಊರಿನಲ್ಲಿ ಕಂಡದ್ದೆಲ್ಲ ಈ ಏರಿನಲ್ಲಿದೆ. ಇದನ್ನು ನೋಡಿದ ಮೇಲೆ ಗುಡಿಸಲಿನಲ್ಲಿ ಪಾರ್ಕಿನ್ ಮೈ ಕಂಡಾಗ, ಅದು ದಿನವಿಡೀ ಬೇರೆಯವರಿಗಾಗಿ ದುಡಿದ ಮೈ ಅನ್ನುವುದು ಮರೆಯುವುದಿಲ್ಲ. ಇಲ್ಲಿ ಅದು ತನಗಾಗಿ ಇದೆ.

ಆಮೇಲೆ ಮಳೆ. ಈಗ ನೋಡಿ ಆ ದೃಶ್ಯವನ್ನು. ಬಟ್ಟೆ ಬಿಚ್ಚದೆ ಶುರು ಮಾಡಿದ ಇಬ್ಬರು, ಕಣ್ಣೆತ್ತಿ ನೋಡಲು ಹೆದರಿದ ಇಬ್ಬರು. ಒಬ್ಬಳು ಲೇಡಿ, ಒಬ್ಬ ಆಳು. ಮನುಷ್ಯರು ಮೇಲು ಕೀಳು ಗೊತ್ತಾಗಲಿ ಅಂತ ತೊಡುವ ಎಲ್ಲವನ್ನೂ ಗುಡಿಸಲಿನಲ್ಲಿ ಬಿಟ್ಟು ಓಡುತ್ತಿದ್ದಾರೆ. ಆಮೇಲೆ ಒಬ್ಬರ ಮೈಗೆ ಒಬ್ಬರು ಕಾಡುಹೂ ಸಿಕ್ಕಿಸುತ್ತಾರೆ. ಅಲ್ಲಿ ಕಾಮ ಇಲ್ಲ ಅಂತ ನಾನು ಹೇಳುವುದಿಲ್ಲ, ಖಂಡಿತ ಇದೆ. ಅದರ ಜೊತೆ ಆಟವಿದೆ, ನಂಬಿಕೆಯಿದೆ. ಲಾರೆನ್ಸ್ ಒಂದು ಹಂತದಲ್ಲಿ ಈ ಕಾದಂಬರಿಗೆ ಇಡಲು ಯೋಚಿಸಿದ್ದ ಹೆಸರಿನ ಅರ್ಥ ‘ಮಾರ್ದವ’. ಮೆತ್ತಗೆ ಮುಟ್ಟುವುದು ಅಂತ ಇಟ್ಟುಕೊಳ್ಳಿ. ಆ ಹೆಸರು ಪುಸ್ತಕಕ್ಕೆ ಸಿಗಲಿಲ್ಲ. ಸಿನಿಮಾದಲ್ಲಿ ಅದು ಕಣ್ಣಿಗೆ ಕಾಣುತ್ತದೆ.

2007ರ ಸೀಸರ್ ಪ್ರಶಸ್ತಿಗಳಲ್ಲಿ, ಅಂದರೆ ಫ್ರಾನ್ಸಿನ ದೊಡ್ಡ ಸಿನಿಮಾ ಪ್ರಶಸ್ತಿಗಳಲ್ಲಿ, ಈ ಸಿನಿಮಾಗೆ ಐದು ಬಂದವು. ಅತ್ಯುತ್ತಮ ಚಿತ್ರ, ನಟಿ, ಛಾಯಾಗ್ರಹಣ, ವೇಷಭೂಷಣ, ಮತ್ತು ಸಾಹಿತ್ಯದಿಂದ ಮಾಡಿದ ಚಿತ್ರಕತೆ. ವೇದಿಕೆಯ ಮೇಲೆ ಫೆರಾನ್ ತಮ್ಮ ಸಿನಿಮಾಗಿಂತ ಹೆಚ್ಚಾಗಿ ಬೇರೆಯದರ ಬಗ್ಗೆ ಮಾತಾಡಿದರು. ತೀರಾ ದೊಡ್ಡ ಬಜೆಟ್ಟಿನದೂ ಅಲ್ಲದ, ತೀರಾ ಚಿಕ್ಕದೂ ಅಲ್ಲದ ಮಧ್ಯದ ಸಿನಿಮಾಗಳಿಗೆ ಹಣ ಸಿಗುವುದು ಕಷ್ಟವಾಗುತ್ತಿದೆ ಅಂತ. ಇಷ್ಟು ನಿಧಾನಕ್ಕೆ, ಋತುಗಳ ಜೊತೆ ನಡೆಯುವ ಸಿನಿಮಾ ತೆಗೆಯಲು ಹಣ ಬೇಕು, ಸಮಯವೂ ಬೇಕು. ಮೆತ್ತಗೆ ಮುಟ್ಟುವುದಕ್ಕೆ ಅವಸರ ಆಗುವುದಿಲ್ಲ.

ಸಿನಿಮಾದ ಕೊನೆಯಲ್ಲಿ ಇಬ್ಬರೂ ಬಟ್ಟೆ ತೊಟ್ಟುಕೊಂಡು ಹೊರಗೆ ಕೂತಿದ್ದಾರೆ. ಬೇಸಿಗೆಯಲ್ಲಿ ಅವಳು ದೂರ ಹೋಗಿಬಂದಿದ್ದಾಳೆ. ಅವನ ಕೆಲಸ ಹೋಗಿದೆ. ಡೈವೋರ್ಸ್, ಮದುವೆ, ಹಣ ಯಾವುದೂ ತೀರ್ಮಾನವಾಗಿಲ್ಲ. ಅವಳು ಅವನಿಗೊಂದು ಜಮೀನು ಮಾಡಿಕೊಡುವ ಮಾತೆತ್ತುತ್ತಾಳೆ. ಅಷ್ಟು ಹೊತ್ತೂ ಎರಡೆರಡು ಪದದಲ್ಲಿ ಉತ್ತರ ಕೊಡುತ್ತಿದ್ದ ಪಾರ್ಕಿನ್ ಆಗ ಬಾಯಿ ಬಿಡುತ್ತಾನೆ. ತಾನು ಎಂಥವನು, ತನಗೆ ಯಾವುದರ ಹೆದರಿಕೆ ಅಂತ ಹೇಳಿಕೊಳ್ಳುತ್ತಾನೆ. ಅವಳು ಕೇಳಿಸಿಕೊಳ್ಳುತ್ತಾಳೆ. ಆ ದೃಶ್ಯದಲ್ಲಿ ಕತ್ತರಿ ಹಾಕಲು ಏನೂ ಇಲ್ಲ. ಇಡೀ ಸಿನಿಮಾದಲ್ಲಿ ಅವರಿಬ್ಬರೂ ಅತಿ ಹೆಚ್ಚು ಬೆತ್ತಲಾಗಿರುವುದು ಅಲ್ಲೇ.